ಎದೆಯ ಜೇಬಿನಲ್ಲಿ ಮೊಬೈಲ್ ಫೋನು

ಬಾಪೂಜಿ ನಗರದಂತಹ ಒತ್ತಾದ ಬಡಾವಣೆಗಳ ಹಿರಿಯರಿಗೆ ಎದುರು ಮಹಡಿಯ ಮೊಬೈಲ್ ಗೋಪುರವೇ ದೊಡ್ಡ ಅಂಜಿಕೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಭಾರತ ಸರಕಾರವೇ 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ಆದರೆ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಗೋಪುರಕ್ಕಿಂತ ಹತ್ತಿರದ ತೊಂದರೆಯೊಂದಿದೆ. ಭಾನುವಾರ ಬಲಿಪೂಜೆಗೆ ಹೊರಟ ತಾತನ ಅಂಗಿಯ ಜೇಬಿನಲ್ಲಿ, ಸರಿಯಾಗಿ ಆ ಯಂತ್ರದ ಮೇಲೆಯೇ, ಫೋನು ಕುಳಿತಿರುತ್ತದೆ! ಕೆಲವು ಹೊಸ ಫೋನುಗಳೊಳಗಿನ ಅಯಸ್ಕಾಂತವು ತೀರ ಸಮೀಪವಿದ್ದರೆ ಪೇಸ್‌ಮೇಕರಿನ ಕೆಲಸವನ್ನು ತಾತ್ಕಾಲಿಕವಾಗಿ ಬದಲಿಸಬಲ್ಲದು. ಫೋನು ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ಮಾತನಾಡುವಾಗ ಯಂತ್ರವಿಲ್ಲದ ಬದಿಯ ಕಿವಿಗೆ ಹಿಡಿಯಲಿ. ಉರಿಯುವ ಇಂಡಕ್ಷನ್ ಒಲೆಯಿಂದ ಅಜ್ಜಿ ಎರಡು ಅಡಿ ಹಿಂದೆ ನಿಲ್ಲುವುದು ಲೇಸು. ವೈದ್ಯರು ಕೊಟ್ಟ ಪೇಸ್‌ಮೇಕರ್ ಕಾರ್ಡು ಬೀರುವಿನಲ್ಲಿದ್ದು ಪ್ರಯೋಜನವೇನು? ಸದಾ ಜೊತೆಗಿದ್ದರೆ, ದೀಪಾಂಜಲಿ ನಗರ ಮೆಟ್ರೋ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ತೋರಿಸಿ, ಲೋಹಶೋಧಕವನ್ನು ಎದೆಯ ಮೇಲೆ ಹಿಡಿಯದಂತೆ ಕೇಳಿಕೊಳ್ಳಬಹುದು.