ಒಂದೇ ಲೆಕ್ಕ, ಹಲವು ದಾರಿ

ಹನ್ನೆರಡು ಇಪ್ಪತ್ತೈದಲಿ ಎಷ್ಟು? ನಮ್ಮಲ್ಲಿ ಕೆಲವರು ಮಗ್ಗಿ ನೆನಪಿಸಿಕೊಳ್ಳುತ್ತೇವೆ, ಕೆಲವರು ಕಾಗದದ ಮೇಲೆ ಗುಣಿಸುತ್ತೇವೆ. ದಾರಿ ಯಾವುದಾದರೂ ಉತ್ತರ ಮುನ್ನೂರೇ. ಊರಿಗೆ ಹಣ ಕಳಿಸಲು ಬ್ಯಾಂಕಿನ ತಾಣ ತೆರೆದಾಗ ನಮ್ಮ ಗುಟ್ಟು ಕಾಯುವ ತಂತ್ರಾಂಶದ ಕಥೆಯೂ ಹೀಗೆಯೇ.

ಇಂದು ಹೆಚ್ಚು ಬಳಕೆಯಲ್ಲಿರುವ ಗೂಢಲಿಪಿ ವಿಧಾನಗಳಲ್ಲಿ ಎಇಎಸ್ ಒಂದು. ಬೆಲ್ಜಿಯಂನ ಇಬ್ಬರು ವಿದ್ವಾಂಸರು ರೂಪಿಸಿದ ಇದನ್ನು ಅಮೆರಿಕ ಸರ್ಕಾರ 2001ರಲ್ಲಿ ತನ್ನ ಮಾನಕವಾಗಿ ಒಪ್ಪಿಕೊಂಡಿತು. ವಿಧಾನ ಒಂದೇ. ಆದರೆ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶದೊಳಗೆ ಅದನ್ನು ಮಾಡುವ ದಾರಿಗಳು ಹಲವು. ಒಂದು ಸಾಲದೇ?

ಸಾಲದು. ಹಳೆಯ ದಾರಿ ಮಗ್ಗಿಯಂಥದ್ದು: ಉತ್ತರಗಳನ್ನು ಮೊದಲೇ ಕೋಷ್ಟಕದಲ್ಲಿ ಬರೆದಿಟ್ಟು ಹುಡುಕುವುದು. ಆದರೆ ಈಗತಾನೆ ನೋಡಿದ ಪುಟ ಬೇಗ ಸಿಗುತ್ತದೆ, ನೋಡದ ಪುಟ ತಡವಾಗುತ್ತದೆ. ಆ ಕ್ಷಣಗಳ ಏರುಪೇರನ್ನು ಅಳೆದೇ ಗುಟ್ಟಿನ ಕೀಲಿಯನ್ನು ಪತ್ತೆಹಚ್ಚಬಹುದೆಂದು ಡೇನಿಯಲ್ ಬರ್ನ್‌ಸ್ಟೈನ್ 2005ರಲ್ಲಿ ತೋರಿಸಿದರು. ಉತ್ತರ ಸರಿಯಿದ್ದರೂ ಗುಟ್ಟು ಸೋರುತ್ತಿತ್ತು! 2010ರಲ್ಲಿ ಇಂಟೆಲ್ ಕಂಪನಿ ಈ ಲೆಕ್ಕಕ್ಕೆಂದೇ ವಿಶೇಷ ಆದೇಶಗಳನ್ನು ತನ್ನ ಚಿಪ್ಪಿನಲ್ಲಿ ಅಳವಡಿಸಿತು. ಕೋಷ್ಟಕ ಬೇಕಿಲ್ಲ, ವೇಗವೂ ಹೆಚ್ಚು. ಆದರೆ ಎಲ್ಲ ಯಂತ್ರಗಳಲ್ಲೂ ಅವು ಇಲ್ಲವಲ್ಲ! ಆದ್ದರಿಂದ ತಂತ್ರಾಂಶವು ಮೊದಲು ಯಂತ್ರವನ್ನು ವಿಚಾರಿಸಿಕೊಂಡು, ಅದಕ್ಕೆ ಒಗ್ಗುವ ದಾರಿಯನ್ನು ತಾನೇ ಆರಿಸಿಕೊಳ್ಳುತ್ತದೆ.

ತೊಂದರೆಯಿರುವುದು ಇಲ್ಲೇ. ದಾರಿ ಹೆಚ್ಚಿದಷ್ಟೂ ಎಡವುವ ಜಾಗಗಳೂ ಹೆಚ್ಚು. 2022ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡ ಒಂದು ದೋಷವನ್ನು ಪ್ರಕಟಿಸಿತು. ಎಇಎಸ್ ಅನ್ನು ಒಸಿಬಿ ಎಂಬ ಕ್ರಮದಲ್ಲಿ ಬಳಸಿದಾಗ, 32 ಬಿಟ್‌ನ ಯಂತ್ರಗಳಿಗೆಂದು ಬರೆದ ವೇಗದ ದಾರಿ ಕೆಲವೊಮ್ಮೆ 16 ಬೈಟುಗಳನ್ನು ಮರೆಮಾಡದೆ ಬಿಟ್ಟುಬಿಡುತ್ತಿತ್ತು. ಸೂತ್ರದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಆ ಒಂದು ದಾರಿಯಲ್ಲಿ. ಜಾಲತಾಣಗಳ ಸುರಕ್ಷಿತ ಸಂಪರ್ಕದಲ್ಲಿ ಒಸಿಬಿ ಬಳಕೆಯಿಲ್ಲದ್ದರಿಂದ ಅಲ್ಲಿಗೆ ಅಪಾಯ ತಟ್ಟಲಿಲ್ಲ.

ಹಾಗಾದರೆ ಉಪಾಯ? ನಿಧಾನವಾದರೂ ಸರಳವಾದ ಒಂದು ದಾರಿಯನ್ನು ಒರೆಗಲ್ಲಾಗಿ ಇಟ್ಟುಕೊಂಡು, ಉಳಿದೆಲ್ಲಕ್ಕೂ ಅವೇ ಪ್ರಶ್ನೆಗಳನ್ನು ಚಿಕ್ಕ, ದೊಡ್ಡ, ಅಡ್ಡಾದಿಡ್ಡಿ ಉದ್ದಗಳಲ್ಲಿ ಕೇಳಬೇಕು. ಒಂದು ಬಿಟ್ ವ್ಯತ್ಯಾಸವಾದರೂ ಒಪ್ಪಬಾರದು. ಸಮಯ ಸೋರುತ್ತದೆಯೇ ಎಂದೂ ನೋಡಬೇಕು. ಯಾರೂ ನಡೆಯದ ದಾರಿಯನ್ನು ಮುಚ್ಚಿಬಿಡಬೇಕು.

ಒಂದೇ ಕಥೆಯನ್ನು ನೂರು ಜನ ನೂರು ಬಗೆಯಲ್ಲಿ ಹೇಳಿದರೆ ಸಾಹಿತ್ಯಪ್ರಿಯರಾದ ನಮಗೆ ಹಬ್ಬ. ಇಲ್ಲಿ ಮಾತ್ರ ನೂರು ಬಾಯಿಂದಲೂ ಅದೇ ಮಾತು ಬರಬೇಕು. ಬರದಿದ್ದಾಗ ಯಾರೋ ಕೂತು ತಿದ್ದುತ್ತಾರೆ. ಆ ತಿದ್ದುಪಡಿಯನ್ನು ಹಾಕಿಕೊಳ್ಳಲೇ ಎಂದು ನಮ್ಮ ಗಣಕ ಕೇಳಿದಾಗ, 'ನಾಳೆ ನೋಡೋಣ' ಎನ್ನದಿರೋಣ.