ಅಮೆರಿಕದ ಕಾಲೇಜು ಶುಲ್ಕಕ್ಕೆ ತೆರಿಗೆಯಲ್ಲಿ ಕಡಿತ: ಯಾರಿಗುಂಟು, ಯಾರಿಗಿಲ್ಲ

ಅಮೆರಿಕದಲ್ಲಿ ಕಾಲೇಜು ಶುಲ್ಕ ಕಟ್ಟಿದವರಿಗೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲೇ ನೇರ ಕಡಿತ ಸಿಗುತ್ತದೆ. ಮುಖ್ಯವಾದದ್ದು ‘ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್’. ಪದವಿಯ ಮೊದಲ ನಾಲ್ಕು ವರ್ಷಗಳಲ್ಲಿ, ಪೂರ್ಣಾವಧಿ ಓದಿನ ಅರ್ಧದಷ್ಟಾದರೂ ಕೋರ್ಸ್ ತೆಗೆದುಕೊಂಡವರಿಗೆ ಇದು ಲಭ್ಯ. ಖರ್ಚಿನ ಮೊದಲ 2,000 ಡಾಲರ್ ಪೂರ್ತಿ, ನಂತರದ 2,000 ಡಾಲರಿನಲ್ಲಿ ಕಾಲು ಭಾಗ. ಒಟ್ಟು ವರ್ಷಕ್ಕೆ ಗರಿಷ್ಠ 2,500. ಪಠ್ಯಪುಸ್ತಕ ಲೆಕ್ಕಕ್ಕುಂಟು, ಹಾಸ್ಟೆಲ್ ಬಾಡಿಗೆ, ಊಟ ಇಲ್ಲ. ಒಂಟಿಯಾಗಿ ತೆರಿಗೆ ಸಲ್ಲಿಸುವವರ ಆದಾಯ 90,000 ಡಾಲರ್ ತಲುಪಿದರೆ ಏನೂ ಸಿಗದು. ಸ್ನಾತಕೋತ್ತರ ಓದಿಗೆ ‘ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್’ ಇದೆ. ವಿಚಿತ್ರವೆಂದರೆ, ತಂದೆತಾಯಿ ಮಗಳನ್ನು ಅವಲಂಬಿತಳೆಂದು ತೋರಿಸಿದ್ದರೆ, ಶುಲ್ಕ ಅವಳೇ ಕಟ್ಟಿದ್ದರೂ ಕ್ರೆಡಿಟ್ ಅವರದೇ. ಎಫ್-1 ವೀಸಾದಲ್ಲಿ ಹೋದ ಕರ್ನಾಟಕದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು; ಹೀಗಾಗಿ ಕಾಲೇಜಿನಿಂದ ಶುಲ್ಕದ ವಿವರದ 1098-ಟಿ ನಮೂನೆ ಬಂದರೂ ಹೆಚ್ಚಿನವರಿಗೆ ಈ ಕಡಿತವಿಲ್ಲ.