220ರಲ್ಲಿ ವಯಸ್ಸು ಕಳೆದರೆ

ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: ‘ನನಗೆ 68. ರಿಟೈರ್ ಆದ ಮೇಲೆ ಪುರುಸೊತ್ತೇ ಇಲ್ಲ. ಬೆಳಿಗ್ಗೆ ಆರಕ್ಕೆ ಶಟಲ್, ಎಂಟೂವರೆಗೆ ಮೊಮ್ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಬೇಕು, ಆಮೇಲೆ ಹಲ್ಲಿನ ಡಾಕ್ಟರೋ ಕಣ್ಣಿನ ಡಾಕ್ಟರೋ ಒಂದಲ್ಲ ಒಂದು ಇದ್ದೇ ಇರುತ್ತದೆ. ಹುಟ್ಟುಹಬ್ಬಕ್ಕೆ ಮಗ ಸ್ಮಾರ್ಟ್ ವಾಚ್ ಕೊಡಿಸಿದ. ಮೂರನೇ ಗೇಮಿಗೆ ಬರುವಷ್ಟರಲ್ಲಿ ಅದು ಗುರ್ ಎಂದು ನಡುಗಿ ಕೆಂಪಗೆ 156 ಎಂದು ತೋರಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ ನನ್ನ ಗರಿಷ್ಠ ಎದೆಬಡಿತ 152 ಅಂತೆ. ಮಗ ಆಟ ಬಿಡಿ ಅನ್ನುತ್ತಾನೆ, ಜೊತೆಗೆ ಆಡುವವರು ವಾಚ್ ಬಿಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?’

ಗರಿಷ್ಠವೆಂದರೆ ಅದಕ್ಕಿಂತ ಮೇಲೆ ಇಲ್ಲ ಎಂದು ತಾನೇ ಅರ್ಥ? ಅದನ್ನು ನಾಲ್ಕು ಬಡಿತ ದಾಟಿಯೂ ಸ್ಮ್ಯಾಶ್ ಹೊಡೆಯುತ್ತಿದ್ದೀರಿ ಎಂದರೆ ವಾಚ್ ತಪ್ಪು ಎಣಿಸಿರಬೇಕು, ಇಲ್ಲವೇ 152 ನಿಮ್ಮ ಗರಿಷ್ಠವೇ ಅಲ್ಲ. ಎರಡೂ ಸಾಧ್ಯ. ಆದರೆ ನನಗೆ ಹೆಚ್ಚು ಗುಮಾನಿ ಆ ಲೆಕ್ಕದ ಮೇಲೆ. ಆಸ್ಪತ್ರೆಯ ಟಿಎಂಟಿ ರಿಪೋರ್ಟಿನಲ್ಲಿ, ಜಿಮ್ಮಿನ ಗೋಡೆಯ ಚಾರ್ಟಿನಲ್ಲಿ, ಕೈಗಡಿಯಾರದ ಹೊಟ್ಟೆಯಲ್ಲಿ ಎಲ್ಲೆಡೆ ಕೂತಿರುವ ಈ 220 ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ, ವಿಮಾನದಲ್ಲಿ.

1970ರ ಆಸುಪಾಸು. ಹೃದ್ರೋಗಿಗಳು ಎಷ್ಟರ ಮಟ್ಟಿಗೆ ವ್ಯಾಯಾಮ ಮಾಡಬಹುದು ಎಂಬುದು ಅಮೆರಿಕದ ವೈದ್ಯರಿಗೆ ಆಗಿನ್ನೂ ಹೊಸ ಪ್ರಶ್ನೆ. ವಿಲಿಯಂ ಹ್ಯಾಸ್ಕೆಲ್ ಎಂಬ ತರುಣ ಸಂಶೋಧಕ ಪ್ರಕಟವಾಗಿದ್ದ ಹತ್ತು ಹನ್ನೊಂದು ಅಧ್ಯಯನಗಳಿಂದ ವಯಸ್ಸು ಮತ್ತು ಗರಿಷ್ಠ ಎದೆಬಡಿತದ ಅಂಕಿಗಳನ್ನು ಹೆಕ್ಕಿ ಚುಕ್ಕಿ ಇಟ್ಟುಕೊಂಡಿದ್ದರು. ಸಭೆಯೊಂದಕ್ಕೆ ಹೋಗುವ ವಿಮಾನದಲ್ಲಿ ಅದನ್ನು ಹಿರಿಯ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಫಾಕ್ಸ್ ಅವರಿಗೆ ತೋರಿಸಿದರು. ಚುಕ್ಕಿಗಳ ನಡುವೆ ಗೆರೆ ಎಳೆದರೆ 20ಕ್ಕೆ 200, 40ಕ್ಕೆ 180, 60ಕ್ಕೆ 160. ಎಷ್ಟು ಚೆಂದ! ಬಾಯಿಲೆಕ್ಕಕ್ಕೆ ಒಗ್ಗುವ ಸೂತ್ರ ಅಲ್ಲೇ ಸಿದ್ಧವಾಯಿತು. ಆ ಚುಕ್ಕಿಗಳಲ್ಲಿ ಹೆಚ್ಚಿನವರು 55 ದಾಟದವರು, ಕೆಲವರು ಸಿಗರೇಟು ಸೇದುವವರು, ಕೆಲವರು ಆಗಲೇ ಹೃದ್ರೋಗಿಗಳು. ಇದನ್ನು ಕಟ್ಟುನಿಟ್ಟಿನ ನಿಯಮವಾಗಿ ಬಳಸಬೇಕೆಂಬ ಉದ್ದೇಶ ತಮಗಿರಲೇ ಇಲ್ಲ ಎಂದು ಹ್ಯಾಸ್ಕೆಲ್ ಅವರೇ ಮುಂದೆ ಹೇಳಿಕೊಂಡರು. 2002ರಲ್ಲಿ ರಾಬರ್ಗ್ಸ್ ಮತ್ತು ಲ್ಯಾಂಡ್‌ವೇರ್ ಎಂಬಿಬ್ಬರು ಈ ಸೂತ್ರದ ಮೂಲ ಹುಡುಕಿಕೊಂಡು ಹೊರಟಾಗ, ಅದರ ಹಿಂದೆ ಅದಕ್ಕೆಂದೇ ಮಾಡಿದ ಸಂಶೋಧನೆ ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಅದು ಪಠ್ಯಪುಸ್ತಕ ಸೇರಿ ಮೂರು ದಶಕ ಆಗಿತ್ತು.

ಅಳತೆ ಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೂ ಅಳತೆ ತೆಗೆಯದ ದರ್ಜಿಯೊಬ್ಬನನ್ನು ನೆನೆಸಿಕೊಳ್ಳಿ. ನೀವು ಅಂಗಿ ಬಟ್ಟೆ ಕೊಟ್ಟರೆ ‘ವಯಸ್ಸೆಷ್ಟು ಸಾರ್?’ ಅನ್ನುತ್ತಾನೆ. 68 ಎಂದರೆ ಬರೆದುಕೊಳ್ಳುತ್ತಾನೆ, ಭಾನುವಾರ ಬನ್ನಿ ಅನ್ನುತ್ತಾನೆ. ಅವನೇನೂ ಪೆದ್ದನಲ್ಲ. ಊರಿನ 68ರವರ ಅಂಗಿಗಳನ್ನೆಲ್ಲ ನೋಡಿ ಸರಾಸರಿ ತೆಗೆದಿದ್ದಾನೆ. ಇಡೀ ಊರಿಗೆ ಎಷ್ಟು ಥಾನು ಬಟ್ಟೆ ಬೇಕು ಎಂದು ಕೇಳಿದರೆ ಅವನ ಉತ್ತರ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಆದರೆ ಭಾನುವಾರ ಅಂಗಿ ತೊಟ್ಟರೆ ಒಬ್ಬರಿಗೆ ತೋಳು ಮೊಣಕೈಗೇ ನಿಂತಿದೆ, ಇನ್ನೊಬ್ಬರಿಗೆ ಬೆರಳು ಮುಚ್ಚಿದೆ. ಅದಕ್ಕಿಂತ ತಮಾಷೆಯೆಂದರೆ ಅಂಗಿ ಹಿಡಿಯದಿದ್ದಾಗ ದರ್ಜಿ ‘ನಿಮ್ಮ ಮೈಯಲ್ಲೇ ಏನೋ ದೋಷ ಇದೆ’ ಎಂದುಬಿಡುವುದು. ವಾಚು ಕೆಂಪಗಾದಾಗ ಮಗ ಹೇಳಿದ್ದೂ ಇದನ್ನೇ.

ದರ್ಜಿಯ ಲೆಕ್ಕವನ್ನು ತಿದ್ದುವ ಪ್ರಯತ್ನ ಆಗಿದೆ. 2001ರಲ್ಲಿ ಹಿರೋಫುಮಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳ 18,712 ಜನರ ಅಂಕಿಗಳನ್ನು ಒಟ್ಟು ಹಾಕಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. ನಲವತ್ತರ ಪ್ರಾಯದಲ್ಲಿ ಹಳೆಯದೂ ಹೊಸದೂ 180ನ್ನೇ ಕೊಡುತ್ತವೆ. ಅಲ್ಲಿಂದಾಚೆ ದಾರಿ ಬೇರೆ. 68ಕ್ಕೆ ಹಳೆಯದು 152, ಹೊಸದು 160. ಅಂದರೆ ಹಳೆಯ ಸೂತ್ರ ಅನ್ಯಾಯ ಮಾಡಿದ್ದು ಹಿರಿಯರಿಗೇ. ಆದರೆ ಈ 160 ಕೂಡ ಸರಾಸರಿಯೇ. ಒಬ್ಬೊಬ್ಬರದೂ ಹತ್ತು ಬಡಿತ ಆಚೀಚೆ ಇರುವುದು ತೀರಾ ಮಾಮೂಲು, ಇಪ್ಪತ್ತರಷ್ಟು ಇದ್ದರೂ ರೋಗವೆನ್ನಲಾಗದು. ಮನೆಯಾಕೆಯೂ ಅಂಥದೇ ವಾಚು ಕಟ್ಟಿಕೊಂಡು ವಾಕಿಂಗ್ ಹೋಗುವುದಾದರೆ ಇನ್ನೊಂದು ತಕರಾರಿದೆ. ಷಿಕಾಗೋದಲ್ಲಿ 5,437 ಮಹಿಳೆಯರನ್ನು ಪರೀಕ್ಷಿಸಿದ ಮಾರ್ಥಾ ಗುಲಾಟಿ ತಂಡ 2010ರಲ್ಲಿ ಹೆಂಗಸರಿಗೇ ಬೇರೆ ಸೂತ್ರ ಕೊಟ್ಟಿತು. ಅದರ ಪ್ರಕಾರ 64ರ ಮಹಿಳೆಗೆ 150, ಹಳೆಯ ಲೆಕ್ಕದ 156 ಅಲ್ಲ. ಗಂಡು ಹೆಣ್ಣಿನಲ್ಲಿ ವ್ಯತ್ಯಾಸವಿಲ್ಲ ಎಂದು ತನಾಕಾ ಹೇಳಿದ್ದರು. ಜಗಳ ಅವರವರದು.

ವಯಸ್ಸಾದಂತೆ ಗರಿಷ್ಠ ಇಳಿಯುವುದಂತೂ ನಿಜ, ಎಷ್ಟೇ ಆಡಿದರೂ ಅದನ್ನು ತಡೆಯಲಾಗದು. ಯಾಕೆ ಎಂದು ತಿಳಿಯಲು ಒಂದು ಮೋಲ್ ಪ್ರಾಣಿಯ ಹೃದಯದೊಳಗೆ ಇಣುಕಬೇಕು. 1906ರ ಬೇಸಿಗೆ, ಇಂಗ್ಲೆಂಡಿನ ಕೆಂಟ್ ಸೀಮೆಯ ಬ್ರೆಡ್ಗರ್ ಎಂಬ ಹಳ್ಳಿ. ಅಂಗರಚನಾ ತಜ್ಞ ಆರ್ಥರ್ ಕೀತ್ ಹೆಂಡತಿಯೊಡನೆ ಸೈಕಲ್ ತುಳಿದುಕೊಂಡು ಸುತ್ತಾಡಲು ಹೋಗಿದ್ದರು. ತೋಟದ ಮನೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವನು ಮಾರ್ಟಿನ್ ಫ್ಲ್ಯಾಕ್, ಇನ್ನೂ ವೈದ್ಯಕೀಯ ವಿದ್ಯಾರ್ಥಿ. ಕೀತ್ ಮರಳುವಷ್ಟರಲ್ಲಿ ಹುಡುಗನಿಗೆ ಕಾಲು ನೆಲದ ಮೇಲಿರಲಿಲ್ಲ. ಮೇಲಿನ ದೊಡ್ಡ ಅಭಿಧಮನಿ ಬಲ ಹೃತ್ಕರ್ಣವನ್ನು ಸೇರುವಲ್ಲಿ ಬೇರೆಯೇ ಬಗೆಯ ಜೀವಕೋಶಗಳ ಗಂಟೊಂದು ಅವನ ಕಣ್ಣಿಗೆ ಬಿದ್ದಿತ್ತು. 1907ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಎದೆಬಡಿತ ಹೊರಡುವುದು ಅಲ್ಲಿಂದಲೇ.

ಈ ಗಂಟನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಎಷ್ಟು ಬಡಿಯುತ್ತದೆ? 1970ರಲ್ಲಿ ಜೋಸ್ ಮತ್ತು ಕಾಲಿಸನ್ ಹೃದಯದ ಮೇಲೆ ನರಗಳ ಹಿಡಿತವನ್ನೆಲ್ಲ ಔಷಧಿಯಿಂದ ತಪ್ಪಿಸಿ ಎಣಿಸಿದರು. ಅವರ ಲೆಕ್ಕದಂತೆ ಇಪ್ಪತ್ತರವರಲ್ಲಿ ಸುಮಾರು 107, 68ರವರಲ್ಲಿ ಸುಮಾರು 79. ಸುಮ್ಮನೆ ಕೂತಾಗ ಇಬ್ಬರಿಗೂ ನಾಡಿ 70ರ ಹತ್ತಿರವೇ ಇರುತ್ತದಲ್ಲ? ಹುಡುಗನಲ್ಲಿ ವೇಗಸ್ ನರ ಹೃದಯವನ್ನು ಬಲವಾಗಿ ಹಿಡಿದಿಟ್ಟಿರುತ್ತದೆ, ಅಷ್ಟೆ. ವಯಸ್ಸಾದಂತೆ ಗಂಟಿನ ಸ್ವಂತ ವೇಗ ತಗ್ಗುತ್ತದೆ. ಅಡ್ರಿನಲಿನ್ ಬಂದು ಅವಸರ ಮಾಡಿದರೂ ಹೃದಯ ಮೊದಲಿನಂತೆ ಓಗೊಡುವುದಿಲ್ಲ.

ವಾಚಿನ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. ಅದನ್ನು ಕಳಚಿ ತಿರುವಿ ನೋಡಿ, ಮಿಣುಕುವ ಹಸಿರು ದೀಪ ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ನುಗ್ಗಿದಾಗ ಮರಳುವ ಬೆಳಕು ಒಂದಿಷ್ಟು ಕುಂದುತ್ತದೆ, ವಾಚು ಎಣಿಸುವುದು ಆ ಏರಿಳಿತವನ್ನು. ಬೆವರಿನಲ್ಲಿ ಪಟ್ಟಿ ಜಾರಿ, ಕೈ ರಪ್ಪನೆ ಬೀಸಿದರೆ ಬೀಸಿನ ಅಲುಗಾಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ವಾಚನ್ನು ರ್‍ಯಾಕೆಟ್ ಹಿಡಿಯದ ಕೈಗೆ, ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ, ಬಿಗಿಯಾಗಿ ಕಟ್ಟಿ.

ಇನ್ನು ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆ ನುಂಗುವವರಿಗೆ ಯಾವ ಸೂತ್ರವೂ ನಡೆಯುವುದಿಲ್ಲ. ಬಡಿತ ಏರದಂತೆ ತಡೆಯುವುದೇ ಆ ಮಾತ್ರೆಯ ಕೆಲಸ. ಏದುಸಿರು ಬಿಡುತ್ತಿದ್ದರೂ ವಾಚು 110 ಎಂದು ತಣ್ಣಗಿರುತ್ತದೆ. ಅಂಥವರಿಗೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ್ದೇ ಸರಿ. ಅವರು ಎಷ್ಟು ಕಷ್ಟವಾಗುತ್ತಿದೆ ಎಂದು ಆಡುವವರನ್ನೇ ಕೇಳಿ 6ರಿಂದ 20ರವರೆಗೆ ಅಂಕ ಕೊಡಿಸಿದರು. 6ರಿಂದಲೇ ಯಾಕೆಂದರೆ, ಹತ್ತರಿಂದ ಗುಣಿಸಿದರೆ ಆರೋಗ್ಯವಂತ ತರುಣರ ಎದೆಬಡಿತಕ್ಕೆ ಹತ್ತಿರ ಬರುತ್ತದೆ. ಅಂಕ ಬೇಡವೆಂದರೆ ಮಾತಾಡಿ ನೋಡಿ. ಎರಡು ಪಾಯಿಂಟಿನ ನಡುವೆ ಪೂರ್ತಿ ವಾಕ್ಯ ಹೇಳಲಾಗುತ್ತಿದ್ದರೆ ಹದವಾಗಿದೆ. ಸ್ಕೋರ್ ಹೇಳುವುದಕ್ಕೂ ಉಸಿರು ಸಾಲದಿದ್ದರೆ ಕೂತುಕೊಳ್ಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ನಾಡಿ ತಾಳ ತಪ್ಪಿದರೆ ಯಾವ ಅಂಕಿಯನ್ನೂ ನೋಡದೆ ಆಟ ನಿಲ್ಲಿಸಿ ಡಾಕ್ಟರ ಬಳಿ ಹೋಗಿ.

ವಾಚು ಕೊಟ್ಟಾಗಿದೆ, ಏನನ್ನಾದರೂ ನೋಡಲೇಬೇಕು ಎನ್ನುವವರು ಏರುವುದನ್ನು ಬಿಟ್ಟು ಇಳಿಯುವುದನ್ನು ನೋಡಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು 2,428 ಜನರ ವ್ಯಾಯಾಮ ಪರೀಕ್ಷೆಯನ್ನು ಗಮನಿಸಿ 1999ರಲ್ಲಿ ಬರೆದ ಪ್ರಕಾರ, ನಿಲ್ಲಿಸಿದ ಮೊದಲ ನಿಮಿಷದಲ್ಲಿ ಬಡಿತ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು. ಇಳಿಸುವುದು ಅದೇ ವೇಗಸ್ ನರ. ಅವರಲ್ಲಿ ಪರೀಕ್ಷೆಗೆ ಒಳಗಾದವರು ದಿಢೀರನೆ ನಿಲ್ಲದೆ ನಿಧಾನವಾಗಿ ನಡೆಯುತ್ತಿದ್ದರು, ನೀವೂ ಹಾಗೇ ಅಂಕಣದ ಅಂಚಿನಲ್ಲಿ ಅಡ್ಡಾಡುತ್ತಾ ಒಂದು ನಿಮಿಷ ನೋಡಿ. ಪ್ರತಿ ಸಲವೂ 12ರೊಳಗೇ ನಿಲ್ಲುತ್ತಿದ್ದರೆ ಮುಂದಿನ ಚೆಕಪ್ಪಿನಲ್ಲಿ ಡಾಕ್ಟರಿಗೆ ಆ ಮಾತು ಹೇಳಿ.